ಬಲಕ್ಕೆ ಓಡುವ ಚೆಂಡು

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಪೂರ್ಣಪಾಠ. ಕೇಳುಗರ ಕೋರಿಕೆಯಂತೆ ಇಲ್ಲಿ ಅಚ್ಚು ಮಾಡಿದ್ದೇವೆ.)



ಇವತ್ತಿನ ಮಾತು ಗಾಲ್ಫ್ ಆಟದ ಬಗ್ಗೆ ಎಂದ ತಕ್ಷಣ ನಿಮ್ಮಲ್ಲಿ ಕೆಲವರು ರೇಡಿಯೋದ ಕಿವಿ ಹಿಂಡಲು ಕೈ ಚಾಚಿರಬಹುದು. ‘ಅದು ದೊಡ್ಡವರ ಆಟ, ನಮಗೇಕೆ?’ ಎಂದು ನಾನೂ ಬಹಳ ವರ್ಷ ಹೇಳುತ್ತಿದ್ದೆ. ದಯವಿಟ್ಟು ಸ್ವಲ್ಪ ತಾಳಿ. ಆಡುವವರಿಗೆ ಇದರಲ್ಲಿ ನೇರವಾದ ಉಪಯೋಗವಿದೆ. ಆಡದವರಿಗೂ ಒಂದು ಸಂಗತಿ ಸಿಗಬಹುದು. ತಪ್ಪನ್ನು ತಿದ್ದುವುದು ಬೇರೆ, ತಪ್ಪಿನಿಂದ ತಪ್ಪಿಸಿಕೊಳ್ಳುವುದು ಬೇರೆ ಎಂಬುದನ್ನು ನನಗೆ ಕಲಿಸಿದ್ದು ಈ ಆಟ.

ನಾನು ಹಾಸನ ಜಿಲ್ಲೆಯ ಹಳ್ಳಿಯವನು. 1984ರಲ್ಲಿ ಕೇಂದ್ರ ಸರ್ಕಾರದ ಕೆಲಸಕ್ಕೆಂದು ದೆಹಲಿಗೆ ಬಂದೆ. ನಿವೃತ್ತಿಗೆ ನಾಲ್ಕು ವರ್ಷ ಉಳಿದಿದ್ದಾಗ ವೈದ್ಯರು ‘ದಿನಾ ಐದು ಕಿಲೋಮೀಟರ್ ನಡೆಯಿರಿ’ ಎಂದರು. ಬರಿದೇ ನಡೆಯಲು ಬೇಸರ. ಕಚೇರಿಯ ಗೆಳೆಯರೊಬ್ಬರು ‘ಚೆಂಡು ಹುಡುಕುತ್ತಾ ನಡೆಯಿರಿ, ಬೇಸರ ಆಗೋದಿಲ್ಲ’ ಎಂದು ಗಾಲ್ಫಿಗೆ ಎಳೆದರು. ದೆಹಲಿಯಲ್ಲಿ ಲಾಡೋ ಸರಾಯಿಯ ಕುತುಬ್ ಗಾಲ್ಫ್ ಕೋರ್ಸ್, ಮುಂಬೈ ಕಡೆ ಖಾರ್‌ಘರದಲ್ಲಿ ಸಿಡ್ಕೋ ಮಾಡಿದ ಕೋರ್ಸ್ ಇಂಥ ಕಡೆ ದೊಡ್ಡ ಕ್ಲಬ್ಬಿನ ಸದಸ್ಯತ್ವ ಇಲ್ಲದವರೂ ಹಣ ಕೊಟ್ಟು ಆಡಬಹುದು. ನಾನು ಹಾಗೆ ಆಟಕ್ಕೆ ಬಂದವನು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಸುಮಾರು 46 ಗ್ರಾಂ ತೂಕದ ಪುಟ್ಟ ಚೆಂಡು. ಅದನ್ನು ಕೋಲಿನಿಂದ ಹೊಡೆದು, ಮುನ್ನೂರು ನಾನೂರು ಗಜ ದೂರದಲ್ಲಿರುವ ನಾಲ್ಕೂಕಾಲು ಅಂಗುಲದ ಕುಳಿಗೆ ಆದಷ್ಟು ಕಡಿಮೆ ಹೊಡೆತಗಳಲ್ಲಿ ಬೀಳಿಸಬೇಕು. ಇಂಥ 18 ಕುಳಿಗಳು. ಚೀಲದಲ್ಲಿ ಹೆಚ್ಚೆಂದರೆ 14 ಕೋಲುಗಳನ್ನು ಇಟ್ಟುಕೊಳ್ಳಬಹುದು. ಅವುಗಳಲ್ಲಿ ಅತಿ ಉದ್ದದ್ದು, ಅತಿ ದೂರ ಹೊಡೆಯುವಂಥದ್ದು ‘ಡ್ರೈವರ್’. ಚೀಲ ಹೊತ್ತು ಜೊತೆಗೆ ಬಂದು ಸಲಹೆ ಕೊಡುವವನು ಕ್ಯಾಡಿ. ಮೊದಲ ಹೊಡೆತದ ಜಾಗದಿಂದ ಕುಳಿಯ ಕಡೆಗೆ ಹೋಗುವ ಹುಲ್ಲಿನ ಹಾದಿಗೆ ಫೇರ್‌ವೇ ಎನ್ನುತ್ತಾರೆ. ಒಂದು ಫೇರ್‌ವೇ ಪಕ್ಕದಲ್ಲೇ ಇನ್ನೊಂದು ಇರುತ್ತದೆ. ಈ ಮಾತು ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಇನ್ನು ನಮ್ಮ ರೋಗ. ಬಲಗೈ ಆಟಗಾರ ಹೊಡೆದ ಚೆಂಡು ಮೊದಲು ನೇರವಾಗಿ, ಅಥವಾ ಸ್ವಲ್ಪ ಎಡಕ್ಕೆ, ಚೆನ್ನಾಗಿಯೇ ಹೊರಡುತ್ತದೆ. ಅರ್ಧ ದಾರಿಯಲ್ಲಿ ಯಾರೋ ಕರೆದಂತೆ ಬಲಕ್ಕೆ ಬಾಗುತ್ತದೆ. ಬಾಗುತ್ತಾ ಬಾಗುತ್ತಾ ಪೊದೆಗೋ ನೀರಿಗೋ ಪಕ್ಕದ ಫೇರ್‌ವೇಗೋ ಹೋಗಿ ಬೀಳುತ್ತದೆ. ಇದಕ್ಕೆ ‘ಸ್ಲೈಸ್’ ಎಂದು ಹೆಸರು. ಎಡಗೈ ಆಟಗಾರರಿಗೆ ಎಲ್ಲವೂ ತಿರುವುಮುರುವು. ಹೊಸದಾಗಿ ಕಲಿಯುವವರಲ್ಲಿ ಇದರಷ್ಟು ಸಾಮಾನ್ಯವಾದ ಕಾಯಿಲೆ ಇನ್ನೊಂದಿಲ್ಲ.

ನನಗೆ ಮೂರು ವರ್ಷ ಈ ಕಾಯಿಲೆ ಇತ್ತು. ನಾನು ಅದನ್ನು ತಮಾಷೆಯಾಗಿಯೇ ತೆಗೆದುಕೊಂಡಿದ್ದೆ. ಚೆಂಡು ಬಲಕ್ಕೆ ಹೋಗುತ್ತದೆಯೇ? ಎಡಕ್ಕೆ ತಿರುಗಿ ನಿಂತು ಹೊಡೆದರಾಯಿತು ಎಂದುಕೊಂಡೆ. ಇನ್ನೂ ಬಲಕ್ಕೆ ಹೋಯಿತು, ಇನ್ನೂ ಎಡಕ್ಕೆ ತಿರುಗಿದೆ. ಕೊನೆಗೆ ಕುಳಿ ಒಂದು ದಿಕ್ಕಿಗೆ, ನಾನು ಇನ್ನೊಂದು ದಿಕ್ಕಿಗೆ. ನನ್ನನ್ನು ನೋಡಿದವರು ನಾನು ಯಾವ ಕುಳಿಗೆ ಆಡುತ್ತಿದ್ದೇನೆ ಎಂದು ಕೇಳುವ ಹಾಗಾಯಿತು. ಸಲಹೆ ಕೊಡುವವರಿಗೇನು ಬರವಿರಲಿಲ್ಲ. ‘ತಲೆ ಎತ್ತಬೇಡಿ’ ಎಂದು ಒಬ್ಬರು, ‘ನಿಧಾನ ಬೀಸಿ’ ಎಂದು ಇನ್ನೊಬ್ಬರು. ತಲೆ ಎತ್ತದೆ ನಿಧಾನವಾಗಿ ಬೀಸಿದೆ. ಚೆಂಡು ನಿಧಾನವಾಗಿ ಬಲಕ್ಕೆ ಹೋಯಿತು. ಆಮೇಲೆ ನಲವತ್ತು ಸಾವಿರ ಕೊಟ್ಟು ಹೊಸ ಡ್ರೈವರ್ ತಂದೆ. ಅದರಲ್ಲಿ ಹೊಡೆದಾಗ ಚೆಂಡು ಇನ್ನೂ ಹದಿನೈದು ಗಜ ದೂರ ಹೋಯಿತು, ಬಲಕ್ಕೆ.

2019ರ ಜನವರಿ. ಗೆಳೆಯರೊಬ್ಬರ ಅತಿಥಿಯಾಗಿ ಊರ ಹೊರಗಿನ ಒಂದು ಕೋರ್ಸಿಗೆ ಹೋಗಿದ್ದೆ. ಬೆಳಗಿನ ಮಂಜು ಆಗತಾನೇ ಕರಗುತ್ತಿತ್ತು. ನಾನು ಹೊಡೆದ ಚೆಂಡು ಎಂದಿನಂತೆ ಬಲಕ್ಕೆ ಬಾಗಿ ಪಕ್ಕದ ಫೇರ್‌ವೇ ಕಡೆ ಹೋಯಿತು. ಅಲ್ಲಿ ನಾಲ್ಕೈದು ಹೆಂಗಸರು ಕುಕ್ಕರಗಾಲಲ್ಲಿ ಕೂತು ಕಳೆ ಕೀಳುತ್ತಿದ್ದರು. ಇಂಥ ಹೊತ್ತಿನಲ್ಲಿ ‘ಫೋರ್!’ ಎಂದು ಗಟ್ಟಿಯಾಗಿ ಕೂಗಬೇಕು. ಅದು ಎಲ್ಲ ದೇಶಗಳ ಗಾಲ್ಫ್ ಆಟಗಾರರ ಎಚ್ಚರಿಕೆಯ ಕೂಗು. ನಾನು ಕೂಗಲಿಲ್ಲ. ನಿಜ ಹೇಳಬೇಕೆಂದರೆ ನಾಚಿಕೆಯಾಗಿತ್ತು. ಅತಿಥಿಯಾಗಿ ಬಂದು ಮೊದಲ ಹೊಡೆತದಲ್ಲೇ ಕೂಗುವುದೇ, ಅಷ್ಟು ದೂರ ಹೋಗಲಾರದು ಎಂದುಕೊಂಡೆ. ಹೋಯಿತು. ಒಬ್ಬಾಕೆಯ ಬಲ ಭುಜಕ್ಕೆ ಬಡಿಯಿತು.

ಓಡಿದೆವು. ಹತ್ತಿರದ ದವಾಖಾನೆಗೆ ಕರೆದುಕೊಂಡು ಹೋಗಿ ಎಕ್ಸ್-ರೇ ಮಾಡಿಸಿದೆವು. ಪುಣ್ಯಕ್ಕೆ ಮೂಳೆ ಮುರಿದಿರಲಿಲ್ಲ. ಆದರೆ ಹತ್ತು ದಿನ ಆಕೆಗೆ ಕೈ ಎತ್ತಲಾಗಲಿಲ್ಲ. ದಿನಗೂಲಿಯವಳು. ಆ ದಿನಗಳ ಕೂಲಿ, ಔಷಧಿಯ ಖರ್ಚು ಕೊಟ್ಟೆ. ಕೊಡುವಾಗ ‘ನಾನು ಬೇಕೆಂದು ಮಾಡಲಿಲ್ಲಮ್ಮ, ಅದು ಹೇಗೋ ಆ ಕಡೆ ಬಂದುಬಿಟ್ಟಿತು’ ಎಂದೆ. ಆಕೆ ಸಿಟ್ಟಿಲ್ಲದೆ ಹೇಳಿದಳು: ‘ಬಾಬೂಜಿ, ಗೇಂದ್ ತೋ ರೋಜ್ ಇಧರ್ ಹೀ ಆತೀ ಹೈ.’ ಚೆಂಡು ದಿನಾ ಈ ಕಡೆಗೇ ತಾನೇ ಬರುವುದು ಎಂದು.

‘ಹೇಗೋ’ ಎಂದು ನಾನು ಹೇಳಿದ್ದು ಆಕೆಗೆ ಲೆಕ್ಕಕ್ಕೇ ಬರಲಿಲ್ಲ. ನನ್ನಂಥವರು ಯಾವ ಕಡೆ ಹೊಡೆಯುತ್ತಾರೆಂಬುದು ಅಲ್ಲಿ ಕಳೆ ಕೀಳುವವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಅವತ್ತು ನಿರ್ಧಾರ ಮಾಡಿದೆ. ಒಂದೋ ಇದನ್ನು ತಿದ್ದಿಕೊಳ್ಳಬೇಕು, ಇಲ್ಲವೇ ಆಟ ಬಿಡಬೇಕು.

ತಿದ್ದಬೇಕಾದರೆ ಮೊದಲು ಚೆಂಡು ಏಕೆ ಬಾಗುತ್ತದೆ ಎಂದು ತಿಳಿಯಬೇಕು. ಹೊಡೆದ ಚೆಂಡು ಬಾಗುವುದನ್ನು ನ್ಯೂಟನ್ 1672ರಷ್ಟು ಹಿಂದೆಯೇ ಟೆನಿಸ್ ಚೆಂಡಿನ ಉದಾಹರಣೆ ಕೊಟ್ಟು ಬರೆದಿದ್ದ. ಗಾಲ್ಫ್ ಚೆಂಡಿನ ಹಾರಾಟವನ್ನು 1890ರ ದಶಕದಲ್ಲಿ ಎಡಿನ್‌ಬರೋದ ಭೌತವಿಜ್ಞಾನಿ ಪೀಟರ್ ಟೇಟ್ ಲೆಕ್ಕ ಹಾಕಿ ವಿವರಿಸಿದ. ಆತನ ಮಗ ಫ್ರೆಡ್ಡಿ ಟೇಟ್ ಸ್ವತಃ ದೊಡ್ಡ ಆಟಗಾರ, ಬ್ರಿಟಿಷ್ ಅಮೆಚೂರ್ ಪಂದ್ಯಾವಳಿಯನ್ನು ಎರಡು ಸಲ ಗೆದ್ದವನು.

ಇಷ್ಟಕ್ಕೂ ವಿಷಯ ಕಷ್ಟದ್ದಲ್ಲ, ಬುಗುರಿ ಆಡಿದವರಿಗೆ ಅರ್ಥವಾಗುತ್ತದೆ. ಕೋಲಿನ ತಲೆಗೆ ಒಂದು ಚಪ್ಪಟೆ ಮುಖವಿರುತ್ತದೆ. ಆ ಮುಖ ಸ್ವಲ್ಪ ಹಿಂದಕ್ಕೆ ವಾಲಿರುತ್ತದೆ. ಆದ್ದರಿಂದ ಪೆಟ್ಟು ತಿಂದ ಚೆಂಡು ಹಿಮ್ಮುಖವಾಗಿ ಸುತ್ತುತ್ತಾ ಹಾರುತ್ತದೆ. ಹಾಗೆ ಸುತ್ತುವ ಚೆಂಡನ್ನು ಗಾಳಿ ಮೇಲಕ್ಕೆ ಎತ್ತುತ್ತದೆ. ಸುತ್ತುವ ಅಚ್ಚು ನೆಲಕ್ಕೆ ಸಮವಾಗಿದ್ದರೆ ಗಾಳಿ ನೆಟ್ಟಗೆ ಮೇಲಕ್ಕೇ ಎತ್ತುತ್ತದೆ, ಚೆಂಡು ನೇರ ಹೋಗುತ್ತದೆ. ಅಚ್ಚು ಬಲಕ್ಕೆ ವಾಲಿದರೆ ಗಾಳಿ ಎತ್ತುವುದರ ಜೊತೆಗೆ ಬಲಕ್ಕೂ ತಳ್ಳುತ್ತದೆ. ವಿಮಾನ ತಿರುಗುವಾಗ ಒಂದು ರೆಕ್ಕೆ ತಗ್ಗಿಸುತ್ತದಲ್ಲ, ಹಾಗೆ.

ಅಚ್ಚು ವಾಲುವುದೇಕೆ? ಎರಡು ಸಂಗತಿಗಳಿಗೆ ಹೊಂದಿಕೆ ಇಲ್ಲದಿದ್ದಾಗ. ಒಂದು, ಪೆಟ್ಟು ಬೀಳುವ ಗಳಿಗೆಯಲ್ಲಿ ಕೋಲು ಬೀಸಿ ಸಾಗುತ್ತಿರುವ ದಾರಿ. ಇನ್ನೊಂದು, ಅದೇ ಗಳಿಗೆಯಲ್ಲಿ ಕೋಲಿನ ಮುಖ ನೋಡುತ್ತಿರುವ ದಿಕ್ಕು. ಮುಖವನ್ನು ಬಾಗಿಲು ಎಂದುಕೊಳ್ಳಿ. ದಾರಿ ಎಡಕ್ಕೆ ಹೋಗುತ್ತಿದೆ, ಬಾಗಿಲು ಅದಕ್ಕಿಂತ ಬಲಕ್ಕೆ ತೆರೆದಿದೆ. ಆಗ ಕೋಲು ಚೆಂಡನ್ನು ಗುದ್ದುವುದರ ಬದಲು, ಸೌತೆಕಾಯಿ ಹೋಳು ಮಾಡುವ ಚಾಕುವಿನಂತೆ ಅಡ್ಡಲಾಗಿ ಸವರುತ್ತದೆ. ಚೆಂಡು, ಕೋಲು ಒಂದಕ್ಕೊಂದು ಅಂಟಿರುವುದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಭಾಗದಷ್ಟು ಹೊತ್ತು. ಆಗ ಏನಾಯಿತೋ ಅದೇ ತೀರ್ಪು. ಆಮೇಲೆ ನಾವು ಮೈ ಬಗ್ಗಿಸಿ, ‘ಎಡಕ್ಕೆ ಎಡಕ್ಕೆ’ ಎಂದು ಕೈ ಬೀಸಿ ಕರೆದರೆ ಚೆಂಡು ಕೇಳುವುದಿಲ್ಲ.

ಹಳೆಯ ಪಾಠ ಹೀಗಿತ್ತು: ಚೆಂಡು ಬೀಸಿದ ದಾರಿಯಲ್ಲೇ ಹೊರಡುತ್ತದೆ, ಆಮೇಲೆ ಮುಖ ನೋಡಿದ ಕಡೆ ಬಾಗುತ್ತದೆ. ಎಷ್ಟೋ ಗುರುಗಳು ದಶಕಗಳ ಕಾಲ ಇದನ್ನೇ ಕಲಿಸಿದರು. 2003ರಲ್ಲಿ ಡೆನ್ಮಾರ್ಕಿನಲ್ಲಿ ಶುರುವಾದ ಟ್ರ್ಯಾಕ್‌ಮ್ಯಾನ್‌ನಂಥ ರೇಡಾರ್ ಯಂತ್ರಗಳು ಬಂದ ಮೇಲೆ ಇದು ತಪ್ಪೆಂದು ಎಲ್ಲರಿಗೂ ಕಾಣುವಂತಾಯಿತು. ಚೆಂಡು ಹೊರಡುವ ದಿಕ್ಕನ್ನು ಮುಕ್ಕಾಲು ಪಾಲಿಗಿಂತ ಹೆಚ್ಚಾಗಿ ನಿರ್ಧರಿಸುವುದು ಮುಖ. ಡ್ರೈವರಿನಲ್ಲಂತೂ ಸುಮಾರು 85 ಪಾಲು. ಎಷ್ಟು ಬಾಗಬೇಕೆಂದು ನಿರ್ಧರಿಸುವುದು ದಾರಿಗೂ ಮುಖಕ್ಕೂ ನಡುವಿನ ಅಂತರ.

ಇದು ತಿಳಿದರೆ ನನ್ನ ಮೂರು ವರ್ಷದ ಮೂರ್ಖತನ ತಾನಾಗಿ ಬಿಡಿಸಿಕೊಳ್ಳುತ್ತದೆ. ನಾನು ಎಡಕ್ಕೆ ತಿರುಗಿ ನಿಂತಾಗ ಏನಾಯಿತು? ಕೋಲು ಬೀಸುವ ದಾರಿ ಎಡಕ್ಕೆ ಸರಿಯಿತು. ಆದರೆ ಕಣ್ಣು, ಮನಸ್ಸು ಎರಡೂ ಕುಳಿಯ ಕಡೆಗೇ ಇದ್ದವು, ಕೈಗಳು ಮುಖವನ್ನು ಕುಳಿಯತ್ತಲೇ ಇಟ್ಟವು. ದಾರಿ ಎಡಕ್ಕೆ ಹೋದಷ್ಟೂ ಬಾಗಿಲು ಆ ದಾರಿಯ ಲೆಕ್ಕದಲ್ಲಿ ಹೆಚ್ಚು ತೆರೆದುಕೊಂಡಿತು. ಅಂತರ ಹೆಚ್ಚಿತು, ಬಾಗು ಹೆಚ್ಚಿತು. ಅದಕ್ಕೆ ಹೆದರಿ ಇನ್ನೂ ಎಡಕ್ಕೆ. ಸ್ಲೈಸಿನಿಂದ ತಪ್ಪಿಸಿಕೊಳ್ಳಲು ನಾನು ಮಾಡಿದ ಒಂದೊಂದು ಉಪಾಯವೂ ಸ್ಲೈಸಿಗೇ ಗೊಬ್ಬರವಾಯಿತು. ನೀರಿಳಿಯದ ಗಂಟಲಿಗೆ ಕಡುಬು ತುರುಕಿದ ಹಾಗೆ.

ಇನ್ನೊಂದು ಅನುಮಾನ ಪರಿಹಾರವಾಯಿತು. ಗಿಡ್ಡ ಕೋಲುಗಳಲ್ಲಿ ಹೊಡೆದಾಗ ಚೆಂಡು ಹೆಚ್ಚುಕಡಿಮೆ ನೇರ ಹೋಗುತ್ತಿತ್ತು, ಡ್ರೈವರಿನಲ್ಲಿ ಮಾತ್ರ ಹೀಗೆ. ಹಾಗಾಗಿ ದೋಷ ಡ್ರೈವರಿನದೇ ಎಂದುಕೊಂಡಿದ್ದೆ. ಅಲ್ಲ. ಗಿಡ್ಡ ಕೋಲಿನ ಮುಖ ಬಹಳ ವಾಲಿರುವುದರಿಂದ ಹಿಮ್ಮುಖದ ಸುತ್ತು ಜೋರು, ಅಚ್ಚು ಸುಲಭಕ್ಕೆ ವಾಲದು. ಡ್ರೈವರಿನ ಮುಖ ಹತ್ತು ಡಿಗ್ರಿಯ ಆಸುಪಾಸು, ಹೆಚ್ಚುಕಡಿಮೆ ನೆಟ್ಟಗೆ. ಅಲ್ಲಿ ಅಷ್ಟೇ ತಪ್ಪು ಎರಡು ಮೂರು ಪಟ್ಟಾಗಿ ಕಾಣುತ್ತದೆ. ತಪ್ಪು ಎಲ್ಲ ಕೋಲಿನಲ್ಲೂ ಇತ್ತು, ಡ್ರೈವರ್ ಅದನ್ನು ಮುಚ್ಚಿಡಲಿಲ್ಲ, ಅಷ್ಟೆ.

ಇದನ್ನೆಲ್ಲ ನಾನು ಪುಸ್ತಕದಲ್ಲಿ ಓದಿದ್ದು ಆಮೇಲೆ. ಮೊದಲು ಕೈ ತಿದ್ದಿದವನು ನಮ್ಮ ಕಡೆಯ ಒಬ್ಬ ಹಿರಿಯ ಕ್ಯಾಡಿ. ಕ್ಯಾಡಿಗಳೆಂದರೆ ಬರೀ ಚೀಲ ಹೊರುವವರೆಂದು ತಿಳಿಯಬಾರದು. 1991ರಲ್ಲಿ ಇಂಡಿಯನ್ ಓಪನ್ ಗೆದ್ದ ಭಾರತದ ಮೊದಲ ವೃತ್ತಿಪರ ಆಟಗಾರ, ದೆಹಲಿಯ ಅಲಿ ಶೇರ್, ಕ್ಯಾಡಿಯಾಗಿ ಬೆಳೆದವರು. 2009ರಲ್ಲಿ ಅದೇ ಪಂದ್ಯ ಗೆದ್ದ ಬೆಂಗಳೂರಿನ ಮುನಿಯಪ್ಪ ಕೂಡ ಹಾಗೆಯೇ. ದಿನವಿಡೀ ನೂರು ಜನರ ಹೊಡೆತ ನೋಡುವ ಕಣ್ಣು ಅವರದು.

ಆತ ನನ್ನ ಹತ್ತು ಹೊಡೆತ ಸುಮ್ಮನೆ ನೋಡಿದ. ಆಮೇಲೆ ಹೊಸ ಡ್ರೈವರನ್ನು ಕೈಯಿಂದ ತೆಗೆದುಕೊಂಡು, ‘ಸಾಬ್, ಡ್ರೈವರ್ ಒಂದು ತಿಂಗಳು ಗಾಡಿಯಲ್ಲೇ ಇರಲಿ’ ಎಂದ. ನನ್ನ ನಲವತ್ತು ಸಾವಿರ ಡಿಕ್ಕಿಯಲ್ಲಿ ಮಲಗಿತು. ಕೈಗೆ ಬಂದದ್ದು 7ನೇ ನಂಬರಿನ ಕಬ್ಬಿಣದ ಕೋಲು.

ಮೊದಲ ಪಾಠ ಹಿಡಿತ. ಬಲಗೈ ಆಟಗಾರನ ಎಡಗೈ ಕೋಲಿನ ಮೇಲ್ತುದಿಯಲ್ಲಿರುತ್ತದೆ. ಹಿಡಿದು ನಿಂತು ಕೆಳಗೆ ನೋಡಿದರೆ ಎಡಗೈಯ ಎಷ್ಟು ಗೆಣ್ಣುಗಳು ಕಾಣುತ್ತವೆ? ನನಗೆ ಕಂಡದ್ದು ಒಂದೇ. ಅಂದರೆ ಕೈ ತೀರಾ ಎಡಕ್ಕೆ ಹೊರಳಿತ್ತು. ಇಂಥ ಹಿಡಿತದಲ್ಲಿ ಕೋಲು ಕೆಳಗೆ ಬರುವಾಗ ಬಾಗಿಲು ತೆರೆದೇ ಬರುತ್ತದೆ. ಆತ ಎರಡೂ ಕೈಗಳನ್ನು ಕೋಲಿನ ಮೇಲೆ ಬಲಕ್ಕೆ ಹೊರಳಿಸಿದ. ಎರಡು, ಎರಡೂವರೆ ಗೆಣ್ಣು ಕಾಣಬೇಕು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಮೂಡುವ ಗೆರೆ ಬಲ ಭುಜದ ಕಡೆ ತೋರಬೇಕು. ಕೋಲು ಅಂಗೈಯಲ್ಲಿ ಅಲ್ಲ, ಬೆರಳುಗಳ ಬುಡದಲ್ಲಿ ಕೂರಬೇಕು. ಬಿಗಿ ಎಷ್ಟು? ಪುಟ್ಟ ಮಗುವಿನ ಕೈ ಹಿಡಿದು ರಸ್ತೆ ದಾಟಿಸುವಷ್ಟು. ಜಾರಿ ಹೋಗಬಾರದು, ನೋಯಲೂಬಾರದು. ಹೆದರಿದ ಕೈ ಬಿಗಿಯಾಗುತ್ತದೆ, ಬಿಗಿದ ಮಣಿಕಟ್ಟು ತಿರುಗುವುದಿಲ್ಲ, ಬಾಗಿಲು ಮುಚ್ಚುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಅಮೆರಿಕದ ಮಹಾನ್ ಆಟಗಾರ ಬೆನ್ ಹೋಗನ್ 1957ರಲ್ಲಿ ‘ಫೈವ್ ಲೆಸನ್ಸ್’ ಎಂಬ ಪುಸ್ತಕ ಬರೆದ. ಗಾಲ್ಫ್ ಕಲಿಯುವವರಿಗೆ ಅದು ಇಂದಿಗೂ ದೊಡ್ಡ ಗ್ರಂಥ. ಆದರೆ ಹೋಗನ್‌ಗಿದ್ದ ಕಾಯಿಲೆ ನಮ್ಮದಲ್ಲ. ಆತನ ಚೆಂಡು ಎಡಕ್ಕೆ ಬಾಗುತ್ತಿತ್ತು, ಅದಕ್ಕೆ ಹುಕ್ ಎನ್ನುತ್ತಾರೆ. ಅದನ್ನು ತಡೆಯಲು ಆತ ತನ್ನ ಹಿಡಿತವನ್ನು ಎಡಕ್ಕೆ ಹೊರಳಿಸಿಕೊಂಡ. ಆ ಚಿತ್ರ ನೋಡಿ ನನ್ನಂಥವರು ಹಾಗೆಯೇ ಹಿಡಿದರೆ ಪಕ್ಕದ ಮನೆಯವರ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ನಮ್ಮ ರಕ್ತದೊತ್ತಡಕ್ಕೆ ನುಂಗಿದಂತೆ. ಗುರು ಎಷ್ಟೇ ದೊಡ್ಡವನಿರಲಿ, ಆತ ಯಾವ ರೋಗಕ್ಕೆ ಔಷಧಿ ಹೇಳುತ್ತಿದ್ದಾನೆ ಎಂದು ನೋಡಬೇಕು.

ಹೊಸ ಹಿಡಿತ ಮೊದಲ ವಾರ ಕೈಗೆ ಒಗ್ಗುವುದೇ ಇಲ್ಲ. ಇನ್ನೊಬ್ಬರ ಚಪ್ಪಲಿ ಮೆಟ್ಟಿಕೊಂಡಂತಿರುತ್ತದೆ. ಅದಕ್ಕೆ ಮನೆಯಲ್ಲಿ ಅಭ್ಯಾಸ ಮಾಡಿದೆ. ಸಂಜೆ ವಾರ್ತೆ ನೋಡುವಾಗ ಮಡಿಸಿದ ಕೊಡೆಯನ್ನು ಕೋಲಿನಂತೆ ಹಿಡಿದು, ಬಿಟ್ಟು, ಮತ್ತೆ ಹಿಡಿದು ಕೂರುತ್ತಿದ್ದೆ. ನಮ್ಮ ಮನೆಯವರು ಅಡಿಗೆಮನೆಯಿಂದ ಬಂದು ನೋಡಿ, ‘ಏನ್ರೀ, ಕೊಡೆ ಹಿಡ್ಕೊಂಡು ಕೂತಿದ್ದೀರಾ, ಹಾಲ್ ಸೋರ್ತಾ ಇದೆಯಾ?’ ಎಂದರು. ನಗಲಿ ಬಿಡಿ. ದಿನಕ್ಕೆ ಐವತ್ತು ಸಲ ಹಿಡಿದರೆ ಹತ್ತು ದಿನದಲ್ಲಿ ಕೈಗೆ ತಾನಾಗಿ ಬರುತ್ತದೆ.

ಹಿಡಿತ ಬದಲಿಸಿದ ಮೇಲೆ ಮೈದಾನದಲ್ಲಿ ಒಂದು ವಿಚಿತ್ರ ಆಗುತ್ತದೆ. ಚೆಂಡು ಬಲಕ್ಕೆ ಹೋಗುವುದು ಬಿಟ್ಟು ಎಡಕ್ಕೆ ಹೋಗತೊಡಗುತ್ತದೆ! ಬಹಳ ಜನ ಇಲ್ಲೇ ಹೆದರಿ ಹಳೆಯ ಹಿಡಿತಕ್ಕೆ ಮರಳುತ್ತಾರೆ. ದಯವಿಟ್ಟು ಮರಳಬೇಡಿ. ಬಾಗಿಲು ಸರಿಹೋಗಿದೆ, ದಾರಿ ಮಾತ್ರ ಹಳೆಯ ಅಭ್ಯಾಸದಂತೆ ಎಡಕ್ಕೆ ಇದೆ ಎಂಬುದಕ್ಕೆ ಅದು ಗುರುತು. ನಾವು ಎಡಕ್ಕೆ ಬೀಸುತ್ತಿದ್ದದ್ದೇ ಚೆಂಡು ಬಲಕ್ಕೆ ಹೋಗುತ್ತದೆಂಬ ಭಯಕ್ಕೆ. ಚೆಂಡು ಬಲಕ್ಕೆ ಹೋಗದು ಎಂದು ಮೈಗೆ ಗೊತ್ತಾದರೆ ಆ ಭಯ ಸಡಿಲವಾಗಿ ದಾರಿಯೂ ಮೆಲ್ಲನೆ ನೇರವಾಗುತ್ತದೆ. ಆದ್ದರಿಂದ ಮೊದಲು ಬಾಗಿಲು, ಆಮೇಲೆ ದಾರಿ. ನಾನು ಮೂರು ವರ್ಷ ಮಾಡಿದ್ದು ಇದರ ಉಲ್ಟಾ.

ಎರಡನೆಯ ಪಾಠ ನಿಲುವು. ನೆಲದ ಮೇಲೆ ಎರಡು ಕೋಲು ಇಡಿ, ರೈಲು ಹಳಿಯಂತೆ. ಹೊರಗಿನದು ಚೆಂಡಿನಿಂದ ಗುರಿಯ ಕಡೆಗೆ. ಒಳಗಿನದು ಅದಕ್ಕೆ ಸಮಾನಾಂತರವಾಗಿ ನಿಮ್ಮ ಪಾದಗಳ ಮುಂದೆ. ಪಾದ, ಸೊಂಟ, ಭುಜ ಮೂರೂ ಒಳಗಿನ ಹಳಿಗೆ ಹೊಂದಿರಬೇಕು. ಪಾದ ಸರಿ ಇಟ್ಟು ಭುಜ ಎಡಕ್ಕೆ ತಿರುಗಿಸಿ ನಿಲ್ಲುವವರೇ ಹೆಚ್ಚು. ಕೋಲು ಹೋಗುವುದು ಭುಜ ತೋರಿದ ದಾರಿಯಲ್ಲಿ, ಪಾದ ತೋರಿದ ದಾರಿಯಲ್ಲಲ್ಲ. ಡ್ರೈವರ್ ಹೊಡೆಯುವಾಗ ಚೆಂಡು ಎಡ ಹಿಮ್ಮಡಿಯ ಒಳಬದಿಯ ಎದುರಿಗೆ ಇರಲಿ. ಅದಕ್ಕಿಂತ ಮುಂದೆ ಇಟ್ಟರೆ ಅದನ್ನು ಮುಟ್ಟಲು ಭುಜ ತಾನಾಗಿ ಎಡಕ್ಕೆ ತೆರೆದುಕೊಳ್ಳುತ್ತದೆ.

ಮೂರನೆಯ ಪಾಠ ಬೀಸು. ಕೋಲನ್ನು ಮೇಲೆತ್ತಿ ಕೆಳಗೆ ತರುವಾಗ ಮೊದಲು ಕದಲಬೇಕಾದದ್ದು ಕೆಳಮೈ. ಎಡಗಾಲಿನ ಮೇಲೆ ಭಾರ ಬರಬೇಕು, ಸೊಂಟ ತಿರುಗಬೇಕು, ಕೈಗಳು ಹಿಂದೆ ಬರಬೇಕು. ಜೋರಾಗಿ ಹೊಡೆಯುವ ಆಸೆಗೆ ನಾವು ಬಲ ಭುಜವನ್ನೇ ಮೊದಲು ಮುಂದಕ್ಕೆ ನೂಕುತ್ತೇವೆ. ಆಗ ಕೋಲು ಹೊರಗಿನಿಂದ ಸುತ್ತಿ ಬಂದು ಚೆಂಡನ್ನು ಒಳಕ್ಕೆ ಸವರುತ್ತದೆ. ಇದಕ್ಕೆ ಕ್ಯಾಡಿ ಮಾಡಿದ ಉಪಾಯ ಬಹಳ ಸರಳ. ಡ್ರೈವರಿನ ತಲೆಗೆ ಹಾಕುವ ಬಟ್ಟೆಯ ಟೋಪಿಯನ್ನು ಚೆಂಡಿನ ಹಿಂದೆ ಒಂದು ಗೇಣು, ಹೊರಬದಿಗೆ ನಾಲ್ಕು ಬೆರಳಷ್ಟು ದೂರದಲ್ಲಿ ಇಟ್ಟ. ಹೊರಗಿನಿಂದ ಬಂದರೆ ಮೊದಲು ಟೋಪಿಗೆ ಪೆಟ್ಟು, ಒಳಗಿನಿಂದ ಬಂದರೆ ಚೆಂಡಿಗೆ ಮಾತ್ರ. ಮೊದಲ ದಿನ ಇಪ್ಪತ್ತು ಹೊಡೆತಗಳಲ್ಲಿ ಹದಿನೇಳು ಸಲ ಟೋಪಿ ಹಾರಿತು. ‘ಇವತ್ತು ಟೋಪಿ ಬಹಳ ದೂರ ಹೋಗುತ್ತಿದೆ ಸಾಬ್’ ಎಂದು ಆತ ತಣ್ಣಗೆ ಎತ್ತಿ ತರುತ್ತಿದ್ದ. ಅರ್ಧ ಬೀಸು, ಅರ್ಧ ಬಲ, ಅಷ್ಟೇ ಸಾಕು. ಸೊಂಟದ ಎತ್ತರದಿಂದ ಸೊಂಟದ ಎತ್ತರಕ್ಕೆ. ಅದು ನೇರ ಹೋಗುವ ತನಕ ಪೂರ್ತಿ ಬೀಸು ಬೇಡ.

ಕೊನೆಗೆ ಒಂದು ಪರೀಕ್ಷೆ. ಡ್ರೈವರಿನ ಮುಖಕ್ಕೆ ಮನೆಯ ಟಾಲ್ಕಂ ಪೌಡರ್ ತೆಳ್ಳಗೆ ಬಳಿದು ಹೊಡೆಯಿರಿ. ಚೆಂಡು ಎಲ್ಲಿ ತಾಗಿತೆಂದು ಗುರುತು ಮೂಡುತ್ತದೆ. ನಡುವೆ ತಾಗದೆ ಕೋಲಿನ ಬುಡದ ಕಡೆ, ಅಂದರೆ ನಿಮ್ಮ ಕಡೆಯ ಅಂಚಿಗೆ ತಾಗುತ್ತಿದ್ದರೆ ಅದೊಂದೇ ಕಾರಣಕ್ಕೂ ಚೆಂಡು ಬಲಕ್ಕೆ ಬಾಗಬಲ್ಲದು. ಹಿಡಿತ, ನಿಲುವು ಎಲ್ಲ ಸರಿ ಇದ್ದೂ ಬಾಗುತ್ತಿದೆ ಎನ್ನುವವರು ಇದನ್ನು ನೋಡಿಕೊಳ್ಳಿ. ಚೆಂಡಿಗೆ ತೀರಾ ಹತ್ತಿರ ನಿಂತಿರಬಹುದು.

ಅಂಗಡಿಗಳಲ್ಲಿ ಸ್ಲೈಸ್ ತಡೆಯುವ ಡ್ರೈವರುಗಳು ಸಿಗುತ್ತವೆ. ತಲೆಯ ಭಾರವನ್ನು ಬುಡದ ಕಡೆ ಸರಿಸಿರುತ್ತಾರೆ, ಮುಖವನ್ನು ಕೂದಲೆಳೆಯಷ್ಟು ಮುಚ್ಚಿರುತ್ತಾರೆ. ಸ್ವಲ್ಪ ಸಹಾಯವಾಗುತ್ತದೆ, ಸುಳ್ಳಲ್ಲ. ಆದರೆ ಮೊದಲು ಕೈ ತಿದ್ದಿಕೊಂಡು ಆಮೇಲೆ ಕೊಳ್ಳಿ. ಮೊದಲು ಕೊಂಡವನ ಮಾತು ಇದು.

ಎಷ್ಟು ದಿನ ಬೇಕು? ನನಗೆ ಜನವರಿಯ ಕೊನೆಯಿಂದ ಹೋಳಿ ಹಬ್ಬ ಕಳೆಯುವ ತನಕ ಹಿಡಿಯಿತು. ವಾರಕ್ಕೆ ಮೂರು ದಿನ, ದಿನಕ್ಕೆ ಐವತ್ತು ಚೆಂಡು. ಒಂದು ಸಲಕ್ಕೆ ಒಂದೇ ಪಾಠ. ಮೂರನ್ನೂ ಒಟ್ಟಿಗೆ ತಲೆಯಲ್ಲಿ ಇಟ್ಟುಕೊಂಡರೆ ಚೆಂಡು ಕದಲುವುದೇ ಇಲ್ಲ. ಬೆನ್ನುನೋವು, ಮೊಣಕೈ ನೋವು ಇರುವವರು ಚೆಂಡಿನ ಲೆಕ್ಕ ಕಡಿಮೆ ಮಾಡಿ. ನನ್ನ ವಯಸ್ಸಿನವರು ಹೊಡೆಯುವ ಮುಂಚೆ ಹತ್ತು ನಿಮಿಷ ಭುಜ, ಸೊಂಟ ಸಡಿಲಿಸಿಕೊಳ್ಳಿ.

ದೂರ ಕಡಿಮೆಯಾದೀತು ಎಂದು ಚಿಂತೆ ಬೇಡ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ನೆನಪಿರಲಿ. ಟೋಕಿಯೋ ಒಲಿಂಪಿಕ್ಸ್ 2021ರಲ್ಲಿ ನಡೆದಾಗ ಚೀಲ ಹೊತ್ತದ್ದು ಆಕೆಯ ತಾಯಿಯೇ. ಅಲ್ಲಿ ಆಡಿದವರಲ್ಲಿ ಅತಿ ಕಡಿಮೆ ದೂರ ಹೊಡೆಯುವವರ ಸಾಲಿನಲ್ಲಿ ಇದ್ದ ಆ ಹುಡುಗಿ ನಾಲ್ಕನೆಯ ಸ್ಥಾನಕ್ಕೆ ಬಂದಳು. ಪದಕ ತಪ್ಪಿದ್ದು ಒಂದೇ ಒಂದು ಹೊಡೆತದಲ್ಲಿ. ಚೆಂಡು ನೇರ ಇದ್ದರೆ ಎಷ್ಟು ಸಾಧಿಸಬಹುದು ಎಂದು ನಾಲ್ಕು ದಿನ ಇಡೀ ದೇಶ ನೋಡಿತು. ಹಾಗೆಯೇ, ಬಲಕ್ಕೆ ಬಾಗುವುದೆಲ್ಲ ಪಾಪವೂ ಅಲ್ಲ. 18 ದೊಡ್ಡ ಪಂದ್ಯಾವಳಿಗಳನ್ನು ಗೆದ್ದ ಜ್ಯಾಕ್ ನಿಕ್ಲಾಸ್ ಬೇಕೆಂದೇ ಚೆಂಡನ್ನು ಸ್ವಲ್ಪ ಬಲಕ್ಕೆ ಬಾಗಿಸಿ ಆಡುತ್ತಿದ್ದರು. ಅದಕ್ಕೆ ಫೇಡ್ ಎನ್ನುತ್ತಾರೆ. ಅವರು ಹೇಳಿದಷ್ಟು ಚೆಂಡು ಬಾಗುತ್ತಿತ್ತು, ನಮ್ಮದು ತನಗೆ ತೋಚಿದಷ್ಟು ಬಾಗುತ್ತದೆ. ಅಷ್ಟೇ ವ್ಯತ್ಯಾಸ.

ಇನ್ನು ನನ್ನ ಕಥೆ ಮುಗಿಸುತ್ತೇನೆ. ಏಪ್ರಿಲ್‌ನಲ್ಲಿ ಅದೇ ಗೆಳೆಯರು ಮತ್ತೆ ಅದೇ ಕೋರ್ಸಿಗೆ ಕರೆದರು. ಅದೇ ಜಾಗದಲ್ಲಿ ನಿಂತೆ. ಬಲಗಡೆ ಅದೇ ಹೆಂಗಸರು ಕೆಲಸ ಮಾಡುತ್ತಿದ್ದರು, ಆಕೆಯೂ ಇದ್ದಳು. ನನ್ನನ್ನು ದೂರದಿಂದಲೇ ಗುರುತು ಹಿಡಿದಳು. ಕುಡುಗೋಲು ಎತ್ತಿಕೊಂಡು, ಜೊತೆಯವರಿಗೂ ಏನೋ ಹೇಳಿ, ಎಲ್ಲರೂ ಬೇವಿನ ಮರದ ಹಿಂದೆ ಹೋಗಿ ನಿಂತರು. ನಾನು ಹೊಡೆದೆ. ಚೆಂಡು ನೇರ ಹೋಯಿತು, ಫೇರ್‌ವೇ ನಡುವೆ ಬಿತ್ತು. ಗೆಳೆಯರು ಚಪ್ಪಾಳೆ ತಟ್ಟಿದರು. ಮರದ ಹಿಂದಿನವರು ಅದನ್ನು ನೋಡಲೇ ಇಲ್ಲ. ನಾವು ಮುಂದೆ ಹೋದ ಮೇಲೇ ಅವರು ಹೊರಗೆ ಬಂದದ್ದು.

ಆಕೆ ಮಾಡಿದ್ದು ಸರಿ ಎಂದೇ ನನಗನ್ನಿಸಿತು. ಒಂದು ಚೆಂಡು ನೇರ ಹೋದರೆ ನನಗೆ ಸಂತೋಷ. ಆಕೆಗೆ ಬೇಕಾದದ್ದು ನೂರಕ್ಕೆ ನೂರು. ಅದನ್ನು ನಾನು ಇವತ್ತಿಗೂ ಕೊಡಲಾರೆ. ದಣಿದಾಗ, ಅವಸರ ಮಾಡಿದಾಗ ಹಳೆಯ ಸ್ಲೈಸ್ ಈಗಲೂ ಇಣುಕುತ್ತದೆ. ಆದ್ದರಿಂದ ಗಾಲ್ಫ್ ಆಡುವ ಕೇಳುಗರಲ್ಲಿ ಎರಡೇ ಮಾತು ಕೇಳಿಕೊಳ್ಳುತ್ತೇನೆ. ಎಡಕ್ಕೆ ತಿರುಗಿ ನಿಲ್ಲುವುದನ್ನು ಇವತ್ತೇ ಬಿಡಿ, ನಾಳೆ ಕೈಯ ಗೆಣ್ಣು ಎಣಿಸಿ. ಅದು ತಿದ್ದುವ ತನಕ, ತಿದ್ದಿದ ಮೇಲೂ, ಬಲಗಡೆ ಯಾರಾದರೂ ಇದ್ದರೆ ಅವರು ಸರಿಯುವ ತನಕ ಕಾಯಿರಿ. ಚೆಂಡು ದಾರಿ ತಪ್ಪಿತೆಂದು ಕಂಡ ಕೂಡಲೇ, ಯಾರೇನು ಅಂದುಕೊಂಡಾರು ಎಂದು ನೋಡದೆ, ಎದೆ ತುಂಬ ಉಸಿರೆಳೆದು ‘ಫೋರ್!’ ಎಂದು ಕೂಗಿಬಿಡಿ.